ಕುರಿಯ ರಕ್ತ, ನಲ್ಲೂರಿನ ಮಕ್ಕಳ ಗಂಟಲು

ಸಂದರ್ಶನದಲ್ಲಿ ಡಾಕ್ಟರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನಿಮಗೆ ಕುರಿ ಕಂಡರೆ ಭಯವೇ?"

"ಇಲ್ಲ ಸರ್" ಎಂದೆ. ಭಯಪಡುವಷ್ಟು ಹತ್ತಿರದಿಂದ ನಾನು ಕುರಿಯನ್ನು ನೋಡಿಯೇ ಇರಲಿಲ್ಲ. ದಾವಣಗೆರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿ, ಚನ್ನಗಿರಿಯ ಮನೆಯಲ್ಲಿ ಅಮ್ಮನ ಜೊತೆ ಹಪ್ಪಳ ಒತ್ತುತ್ತಾ ಕುಳಿತಿದ್ದ ಕಾಲ ಅದು. ಸಂದರ್ಶನಕ್ಕೆಂದು ರಕ್ತದ ಗುಂಪು, ಮೂತ್ರದ ಸಕ್ಕರೆ, ಸೂಕ್ಷ್ಮದರ್ಶಕದ ಮಸೂರಗಳು ಎಲ್ಲವನ್ನೂ ಮತ್ತೊಮ್ಮೆ ಓದಿಕೊಂಡು ಹೋಗಿದ್ದೆ. ಅದು ಯಾರಿಗೂ ಬೇಕಾಗಲಿಲ್ಲ. ಡಾಕ್ಟರು "ಸರಿ, ಸೋಮವಾರ ಬನ್ನಿ" ಎಂದು ಪೆನ್ನಿನ ಟೋಪಿ ಮುಚ್ಚಿದರು.

ಎಪ್ಪತ್ತರ ದಶಕದ ಕೊನೆ. ಹೊನ್ನಾಳಿಯಲ್ಲಿ ಆಗ ಒಂದು ವೈದ್ಯಕೀಯ ಸಂಶೋಧನಾ ಘಟಕ ಹೊಸದಾಗಿ ಶುರುವಾಗಿತ್ತು. ಘಟಕ ಎಂದರೆ ಹೊಳೆಯ ಕಡೆಗಿದ್ದ ಹಳೆಯ ಅಕ್ಕಿ ಗೋದಾಮು, ಅದರೊಳಗೆ ತಟ್ಟಿ ಹಾಕಿ ಮಾಡಿದ ಎರಡು ಕೋಣೆ, ಹಿಂದುಗಡೆ ತಗಡಿನ ಶೆಡ್ಡು, ಒಂದು ಜೀಪು. ಸಿಬ್ಬಂದಿ ಎಂದರೆ ಡಾಕ್ಟರು, ಜೀಪಿನ ಡ್ರೈವರು, ನಾನು. ಗೋದಾಮಿನ ಇಲಿಗಳಿಗೆ ಅಕ್ಕಿ ಹೋಗಿ ಸಂಶೋಧನೆ ಬಂದ ಸಂಗತಿ ಇನ್ನೂ ಗೊತ್ತಾಗಿರಲಿಲ್ಲ. ಅವು ಹಳೆಯ ಹೊತ್ತಿಗೇ ಬಂದು ನೋಡಿ ಹೋಗುತ್ತಿದ್ದವು.

ನಮ್ಮ ಕೆಲಸ ಇಷ್ಟು. ಮಕ್ಕಳಿಗೆ ಗಂಟಲು ನೋವು ಬರುತ್ತದೆ, ಹೋಗುತ್ತದೆ. ಕೆಲವು ಮಕ್ಕಳಿಗೆ ಅದು ಹೋದ ಮೇಲೆ ಮಂಡಿ, ಮೊಣಕೈ ಊದಿಕೊಳ್ಳುತ್ತವೆ. ಅದೂ ಹೋಗುತ್ತದೆ. ಆದರೆ ಅಷ್ಟರಲ್ಲಿ ಒಳಗೆ ಹೃದಯದ ಕವಾಟಕ್ಕೆ ಪೆಟ್ಟು ಬಿದ್ದಿರುತ್ತದೆ, ಅದು ಗೊತ್ತಾಗುವುದು ವರ್ಷಗಟ್ಟಲೆ ಕಳೆದ ಮೇಲೆ. ಇದಕ್ಕೆಲ್ಲ ಮೂಲ ಗಂಟಲಿನಲ್ಲಿ ಕೂತ ಒಂದು ಬ್ಯಾಕ್ಟೀರಿಯ. ಅದು ನಮ್ಮ ಕಡೆಯ ಎಷ್ಟು ಮಕ್ಕಳಲ್ಲಿದೆ ಎಂದು ನೋಡಬೇಕಾಗಿತ್ತು. ಶಾಲೆಗಳಿಗೆ ಹೋಗಿ, ಹತ್ತಿ ಸುತ್ತಿದ ಕಡ್ಡಿಯನ್ನು ಮಕ್ಕಳ ಗಂಟಲಿಗೆ ಸವರಿ, ಅದನ್ನು ರಕ್ತ ಬೆರೆಸಿದ ಗಂಜಿಯಂಥ ಅಗರನ್ನು ಹುಯ್ದು ಗಟ್ಟಿಯಾಗಿಸಿದ ಗಾಜಿನ ತಟ್ಟೆಯ ಮೇಲೆ ಗೀಚಿ, ತಂದು ಬೆಚ್ಚಗಿಟ್ಟು ಮರುದಿನ ನೋಡುವುದು. ಬ್ಯಾಕ್ಟೀರಿಯ ಇದ್ದರೆ ಅದು ತನ್ನ ಸುತ್ತಲಿನ ರಕ್ತವನ್ನು ಕರಗಿಸಿ, ಕೆಂಪು ತಟ್ಟೆಯಲ್ಲಿ ನೀರಿನ ಹನಿ ಬಿದ್ದ ಹಾಗೆ ತಿಳಿಯಾದ ಒಂದು ಉಂಗುರ ಮಾಡಿರುತ್ತದೆ.

ಆ ರಕ್ತ ಕುರಿಯದೇ ಆಗಬೇಕು. ಮನುಷ್ಯರ ರಕ್ತದಲ್ಲಿ ಅವರು ನುಂಗಿದ ಮಾತ್ರೆ, ಬಂದುಹೋದ ಕಾಯಿಲೆಗಳ ಗುರುತು ಎಲ್ಲ ಉಳಿದಿರುತ್ತವೆ. ಅವು ಬ್ಯಾಕ್ಟೀರಿಯವನ್ನು ನೆಮ್ಮದಿಯಾಗಿ ಬೆಳೆಯಲು ಬಿಡುವುದಿಲ್ಲ. ಕುರಿಯ ರಕ್ತಕ್ಕೆ ಆ ರಗಳೆಯಿಲ್ಲ ಎಂದು ಡಾಕ್ಟರು ವಿವರಿಸಿದರು. ಸಂದರ್ಶನದ ಪ್ರಶ್ನೆ ಆಗ ಅರ್ಥವಾಯಿತು.

ಕುರಿ ತರಲು ಜಗಳೂರು ತಾಲ್ಲೂಕಿನ ಬಿಳಿಚೋಡಿಗೆ ಹೋದೆವು. ಅದು ಡ್ರೈವರನ ಊರು. "ಹೊನ್ನಾಳಿ ಸಂತೆ ಕುರಿ ಬರೀ ಉಣ್ಣೆ ಸರ್, ಒಳಗೆ ಏನೂ ಇರಲ್ಲ" ಎಂದು ಅವನು ಡಾಕ್ಟರನ್ನು ಒಪ್ಪಿಸಿದ್ದ. ಅಲ್ಲಿ ಒಬ್ಬ ಮುದುಕಿ ಮಂದೆಯ ಬೇಲಿಗೆ ಒರಗಿ ನಿಂತಿದ್ದಳು. ಕುರಿಗಳೆಲ್ಲ ಅವಳವೇ.

"ಯಾಕ್ ಬೇಕಿತ್ತು ಕುರಿ? ಹಬ್ಬಕ್ಕಾ?"

"ಇಲ್ಲಮ್ಮ, ರಕ್ತಕ್ಕೆ" ಎಂದರು ಡಾಕ್ಟರು.

"ಕೊಯ್ಯಾಕೆ ಅನ್ರಿ."

"ಕೊಯ್ಯಲ್ಲ."

"ಉಣ್ಣೆ?"

"ಬೇಡ."

"ಮರಿ ಮಾಡಿಸ್ತೀರಾ?"

"ಅದೂ ಬೇಡ. ವಾರಕ್ಕೊಂದು ಸಲ ಸೂಜಿ ಹಾಕಿ ಒಂದು ಲೋಟ ರಕ್ತ ತೆಗೀತೀವಿ, ಅಷ್ಟೆ. ಕುರಿ ಆರಾಮಾಗಿರುತ್ತೆ."

ಮುದುಕಿ ಡಾಕ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಡ್ರೈವರನ ಕಡೆ ತಿರುಗಿದಳು. "ಇವ್ರು ಡಾಕ್ಟ್ರು ಅಂತ ನಿಂಗ್ಯಾರ್ ಹೇಳಿದ್ರೋ?"

ಆದರೂ ಒಂದು ಹೆಣ್ಣು ಕುರಿಯನ್ನು ಕೊಟ್ಟಳು. "ಇದಕ್ಕೆ ಗಬ್ಬ ನಿಲ್ಲಂಗಿಲ್ಲ. ತಿಂದ್ಕಂಡು ಸುಮ್ನೆ ಐತೆ. ನಿಮ್ ಕೆಲ್ಸಕ್ಕೆ ಇದೇ ಸರಿ" ಎಂದಳು. ಹಗ್ಗವನ್ನು ನನ್ನ ಕೈಗೆ ಕೊಟ್ಟು, ಹಿಂದಿನಿಂದ ತಳ್ಳಿದರೆ ಅದು ಬರುವುದಿಲ್ಲ, ಮುಂದೆ ನಡೆದರೆ ಮಾತ್ರ ಬರುತ್ತದೆ ಎಂದು ಹೇಳಿಕೊಟ್ಟಳು. ಜೀಪಿನ ಹಿಂಬದಿಯಲ್ಲಿ ನಾವಿಬ್ಬರೂ ಎದುರುಬದುರು ಕುಳಿತು ಹೊನ್ನಾಳಿಗೆ ಬಂದೆವು. ದಾರಿಯುದ್ದಕ್ಕೂ ಅದು ನನ್ನನ್ನೇ ನೋಡುತ್ತಿತ್ತು.

ಘಟಕದಲ್ಲಿ ಹೆಣ್ಣು ಎಂದರೆ ನಾನು ಮತ್ತು ಕುರಿ. ಡ್ರೈವರು ಇಬ್ಬರನ್ನೂ "ಮೇಡಂ" ಎಂದೇ ಕರೆಯತೊಡಗಿದ. "ಮೇಡಂಗೆ ನೀರಿಟ್ಟಿದೀನಿ ಸರ್" ಎಂದು ಅವನು ಹೇಳಿದರೆ ನಾನು ತಲೆಯೆತ್ತುತ್ತಿರಲಿಲ್ಲ. ಕುರಿ ಎತ್ತುತ್ತಿತ್ತು.

ರಕ್ತ ತೆಗೆಯುವುದನ್ನು ಡಾಕ್ಟರು ಕಲಿಸಿದರು. ಕುತ್ತಿಗೆಯ ಪಕ್ಕದ ಉಣ್ಣೆ ಕತ್ತರಿಸಿ, ಸ್ಪಿರಿಟ್ಟು ಸವರಿ, ಕೆಳಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ರಕ್ತನಾಳ ಹಗ್ಗದ ಹಾಗೆ ಎದ್ದು ನಿಲ್ಲುತ್ತದೆ. ರಕ್ತವನ್ನು ಗಾಜಿನ ಮಣಿಗಳಿರುವ ಫ್ಲಾಸ್ಕಿಗೆ ಬಿಟ್ಟು, ಹೆಪ್ಪುಗಟ್ಟದ ಹಾಗೆ ಕುಲುಕುತ್ತಲೇ ಇರಬೇಕು. ಮೊದಲ ಸಲ ನನ್ನ ಕೈ ನಡುಗಿದ್ದರಿಂದ ಕುಲುಕುವ ಕೆಲಸ ತಾನಾಗಿಯೇ ಆಯಿತು. ಕುರಿ ಮಾತ್ರ ಹುರುಳಿ ಮೆಲ್ಲುತ್ತಾ ನಿಂತಿತ್ತು.

ನಮ್ಮದು ಲಿಂಗ ಕಟ್ಟುವ ಮನೆ. ಮೊಟ್ಟೆಯನ್ನು ಹೆಸರು ಹಿಡಿದು ಕರೆಯುವ ರೂಢಿಯೂ ಇರಲಿಲ್ಲ. ವಾರದ ಕೊನೆಗೆ ಚನ್ನಗಿರಿಗೆ ಹೋದಾಗ ಅಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳಿದರು, "ಸಾಯ್ತೈತಾ?"

"ಇಲ್ಲ. ನನಗಿಂತ ಚೆನ್ನಾಗೈತೆ."

"ಯಾವತ್ತು ತಗಿಯೋದು?"

"ಸೋಮವಾರ."

ಅಮ್ಮ ಹಿಟ್ಟಿನ ಕೈಯನ್ನೇ ತಲೆಯ ಮೇಲೆ ಇಟ್ಟುಕೊಂಡರು. "ವಾರದಾಗೆ ಬೇರೆ ದಿನಾನೇ ಸಿಗ್ಲಿಲ್ಲೇನೇ ನಿಮ್ಮ ಡಾಕ್ಟ್ರಿಗೆ? ಶಿವನ ವಾರನೇ ಬೇಕಿತ್ತಾ?"

ಈ ಆಕ್ಷೇಪಣೆಯನ್ನು ನಾನು ಡಾಕ್ಟರಿಗೆ ತಲುಪಿಸಿದೆ. ಅವರು ಗಂಭೀರವಾಗಿ ಯೋಚಿಸಿ, ದಿನ ಬದಲಿಸಿದರೆ ತಟ್ಟೆ ನೋಡುವ ಕೆಲಸ ಭಾನುವಾರಕ್ಕೆ ಬರುತ್ತದೆ, ರಜೆ ಹೋಗುತ್ತದೆ ಎಂದರು. ಅದನ್ನು ಅಮ್ಮನಿಗೆ ತಲುಪಿಸಿದೆ. "ರಜಾ ಕಳ್ಕಬ್ಯಾಡ. ಶಿವನಿಗೆ ನಾನ್ ಹೇಳ್ಕಂತೀನಿ" ಎಂದರು. ಅಲ್ಲಿಗೆ ಮನೆಯ ಕಡೆಯಿಂದ ಅನುಮತಿ ಸಿಕ್ಕಿತು.

ನ್ಯಾಮತಿಯ ಕಡೆಯ ಶಾಲೆಗಳಲ್ಲಿ ಕೆಲಸ ಸಲೀಸಾಗಿ ನಡೆಯಿತು. ಸೂರಗೊಂಡನಕೊಪ್ಪದ ಮಕ್ಕಳು ಎಷ್ಟು ದೊಡ್ಡದಾಗಿ ಬಾಯಿ ತೆಗೆದರೆಂದರೆ ಸಾಲಿನಲ್ಲಿ ಮೂರನೆಯವರ ಗಂಟಲು ಕೂಡ ನನಗೆ ಕಾಣುತ್ತಿತ್ತು. ಜಗಳೂರಿನಲ್ಲಿ ಮೇಷ್ಟ್ರು ತಮ್ಮ ಗಂಟಲನ್ನೂ ನೋಡಿ ಎಂದು ಕುರ್ಚಿ ಎಳೆದುಕೊಂಡು ಕೂತರು. ತೊಂದರೆ ಬಂದದ್ದು ನನ್ನದೇ ತಾಲ್ಲೂಕಿನಲ್ಲಿ, ಚನ್ನಗಿರಿ ಹತ್ತಿರದ ನಲ್ಲೂರಿನಲ್ಲಿ.

ಮೊದಲ ದಿನ ಅಲ್ಲಿ ಅರ್ಧ ಮಕ್ಕಳದು ಮುಗಿದಿತ್ತು. ಇನ್ನೂ ಸರದಿ ಬಾರದಿದ್ದ ಎಂಟು ವರ್ಷದ ಒಬ್ಬ ಹುಡುಗಿ ಮೇಜಿನ ಹತ್ತಿರ ಬಂದು ನಿಂತಳು. ಎರಡು ಜಡೆ, ಬಹಳ ಕುತೂಹಲ. ತಟ್ಟೆಗಳನ್ನು ತೋರಿಸಿ ಕೇಳಿದಳು, "ಇದು ಕುಂಕುಮದ ನೀರಾ?"

"ಅಲ್ಲ, ಕುರಿ ರಕ್ತ" ಎಂದೆ. ಮಕ್ಕಳಿಗೆ ತಪ್ಪು ಹೇಳಬಾರದು ಎಂದು ಡಾಕ್ಟರು ಹೇಳಿದ್ದರು.

ಮರುದಿನ ನಾವು ಹೋದಾಗ ಮಕ್ಕಳೆಲ್ಲ ಶಾಲೆಯ ಜಗಲಿಯಲ್ಲಿ ಶಿಸ್ತಾಗಿ ಸಾಲು ನಿಂತಿದ್ದರು. ಎಲ್ಲರ ಬಾಯಿ ಮುಚ್ಚಿತ್ತು. ಸುಮ್ಮನೆ ಮುಚ್ಚಿದ್ದಲ್ಲ, ತುಟಿ ಒಳಗೆ ಎಳೆದು, ಕೆನ್ನೆ ಉಬ್ಬಿಸಿ, ಮೂಗಿನಿಂದ ಉಸಿರಾಡುತ್ತಿದ್ದರು. "ಹೆಸರೇನು?" ಎಂದರೆ ಪಕ್ಕದವರ ಕಡೆ ಬೆರಳು ಮಾಡುತ್ತಿದ್ದರು. ಸಾಲಿನ ಕೊನೆಯಲ್ಲಿ ಶಾಲಾ ಸಮಿತಿಯ ಅಧ್ಯಕ್ಷರು ನಿಂತಿದ್ದರು. ಅಡಿಕೆ ವ್ಯಾಪಾರಿ, ಬಿಳಿ ಪಂಚೆ, ಹಣೆ ತುಂಬ ವಿಭೂತಿ. ನಿನ್ನೆಯ ಹುಡುಗಿ ಅವರ ಮೊಮ್ಮಗಳು ಎಂಬುದು ಅವರ ಪಂಚೆ ಹಿಡಿದುಕೊಂಡು ನಿಂತಿದ್ದ ರೀತಿಯಲ್ಲೇ ತಿಳಿಯಿತು.

"ಏನಮ್ಮ, ನಮ್ ಮಕ್ಕಳ ಬಾಯಿಗೆ ಕುರಿ ರಕ್ತ ಹಾಕ್ತೀರಂತೆ?"

"ಹಾಕಲ್ಲ ಸಾರ್. ಬಾಯಿಂದ ತೆಗೆದದ್ದನ್ನ ರಕ್ತಕ್ಕೆ ಹಾಕ್ತೀವಿ."

"ಎಲ್ಡಕ್ಕೂ ಏನ್ರೀ ವ್ಯತ್ಯಾಸ?"

"ಮೊದಲು ಬಾಯಿ, ಆಮೇಲೆ ರಕ್ತ."

"ನಾಳೆ ಕಡ್ಡಿ ಅದಲುಬದಲಾದ್ರೆ?"

"ಆಗಲ್ಲ. ಒಂದು ಕಡ್ಡಿ ಒಂದೇ ಸಲ, ಆಮೇಲೆ ಸುಟ್ಟು ಹಾಕ್ತೀವಿ."

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ನೀವು ಯಾವೂರ ಕಡೇರು? ಯಾರ ಪೈಕಿ?"

ಹೇಳಿದೆ. ಅವರ ಮುಖದಲ್ಲಿ ಸಿಟ್ಟು ಹೋಗಿ ದುಃಖ ಬಂತು. "ನಮ್ಮೋರೇ! ನಿಮ್ಮ ತಂದೆಗೆ ಇದು ಗೊತ್ತೈತಾ?"

"ಗೊತ್ತೈತೆ. ತಾಯಿಗೂ ಗೊತ್ತೈತೆ. ಶಿವನಿಗೂ ಹೇಳಿದಾರೆ."

ಆ ವಾರವೇ ಡಾಕ್ಟರು ಹೃದಯದ ದೊಡ್ಡ ಬಣ್ಣದ ಚಿತ್ರ ತೆಗೆದುಕೊಂಡು ಹೋಗಿ ನಲ್ಲೂರಿನಲ್ಲಿ ಭಾಷಣ ಮಾಡಿದರು. ಜನ ಪೂರ್ತಿ ಕೂತು ಕೇಳಿದರು, ಮಜ್ಜಿಗೆ ಕೊಟ್ಟರು, ಹೃದಯದ ಚಿತ್ರ ಚೆನ್ನಾಗಿದೆ, ಶಾಲೆಗೆ ಕೊಟ್ಟು ಹೋಗುತ್ತೀರಾ ಎಂದು ಕೇಳಿದರು. ಬಾಯಿ ಮಾತ್ರ ತೆಗೆಯಲಿಲ್ಲ. ಅಷ್ಟರಲ್ಲಿ ಸುದ್ದಿ ಬೆಳೆದು, ನಾವು ವಾರಕ್ಕೊಂದು ಕುರಿ ಕೊಯ್ಯುತ್ತೇವೆ ಎಂಬಲ್ಲಿಗೆ ಬಂದಿತ್ತು.

"ಮೇಡಂನೇ ಕರ್ಕಂಡ್ ಹೋಗಿ ತೋರ್ಸಾಣ ಸರ್" ಎಂದ ಡ್ರೈವರು.

"ಅವರು ಹೋಗಿ ಬಂದಿದ್ದಾರಲ್ಲ" ಎಂದರು ಡಾಕ್ಟರು.

"ಈ ಮೇಡಂ ಅಲ್ಲ ಸರ್. ಆ ಮೇಡಂ."

ಹೀಗೆ ಕುರಿ ನಲ್ಲೂರಿಗೆ ಬಂತು. ಜೀಪಿನಿಂದ ಇಳಿಸಿ ನಾನು ಮುಂದೆ ನಡೆದೆ, ಅದು ನನ್ನ ಹಿಂದೆ ನಡೆಯಿತು. ಶಾಲೆಯ ಅಂಗಳದಲ್ಲಿ ಊರೇ ಸೇರಿತ್ತು. ಅಧ್ಯಕ್ಷರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ಅವರ ಹೆಂಡತಿ ಹೆಂಗಸರ ಜೊತೆ ಪಕ್ಕದಲ್ಲಿ ನಿಂತಿದ್ದರು. ಮೊಮ್ಮಗಳು ಅಜ್ಜಿಯ ಸೆರಗಿನ ಹತ್ತಿರ, ಬಾಯಿ ಮುಚ್ಚಿಕೊಂಡೇ.

"ಇದೇ ಕುರಿ. ಬಂದಾಗಿನಿಂದ ಇದೊಂದೇ ಕುರಿ" ಎಂದೆ.

"ಅದನ್ನ ಹೆಂಗ್ರೀ ನಂಬೋದು? ಎಲ್ಲ ಕುರಿನೂ ಒಂದೇ ಥರ ಇರ್ತಾವೆ" ಎಂದರು ಅಧ್ಯಕ್ಷರು. ಹಾಗಾಗಿ ಅವರನ್ನು ಎದ್ದು ಬಂದು ಕುತ್ತಿಗೆ ನೋಡಲು ಕರೆದೆ. ಹಳೆಯ ಸೂಜಿಯ ಗುರುತುಗಳು ಚುಕ್ಕೆ ಚುಕ್ಕೆಯಾಗಿ ಕಾಣುತ್ತಿದ್ದವು. ಅವರು ಬಗ್ಗಿ ನೋಡಿದರು. ಅವರು ಅಷ್ಟು ಹತ್ತಿರ ನಿಂತಿದ್ದಾಗಲೇ ನಾನು ಸ್ಪಿರಿಟ್ಟು ಸವರಿ, ಹೆಬ್ಬೆರಳು ಒತ್ತಿ, ಸೂಜಿ ಹಾಕಿದೆ. ಕಡುಗೆಂಪು ರಕ್ತ ಫ್ಲಾಸ್ಕಿಗೆ ಇಳಿಯತೊಡಗಿತು. ಮಣಿಗಳು ಗಲಗಲ ಎಂದವು. ಕುರಿ ಯಾರದೋ ಕೈಯಲ್ಲಿದ್ದ ಹಸಿರು ಸೊಪ್ಪಿಗೆ ಬಾಯಿ ಚಾಚಿತು.

ಅಧ್ಯಕ್ಷರು ನಿಂತಲ್ಲೇ ಒಂದು ಸಲ ಓಲಾಡಿದರು. ಆಮೇಲೆ ನಿಧಾನವಾಗಿ, ಮರ್ಯಾದೆಗೆ ತಕ್ಕ ಹಾಗೆ, ನೆಲಕ್ಕೆ ಕುಸಿದರು.

ಗಂಡಸರೆಲ್ಲ ಓಡಿಬಂದರು. ಡಾಕ್ಟರು ಅವರ ಕಾಲನ್ನು ಕುರ್ಚಿಯ ಮೇಲೆ ಎತ್ತಿಟ್ಟು ನಾಡಿ ಹಿಡಿದರು. "ಏನಿಲ್ಲ, ರಕ್ತ ನೋಡಿ ತಲೆ ಸುತ್ತಿದೆ, ಐದು ನಿಮಿಷ ಗಾಳಿ ಬಿಡಿ" ಎಂದರು. ಒಬ್ಬರು ನೀರು ಚಿಮುಕಿಸಿದರು, ಒಬ್ಬರು ಟವಲಿನಿಂದ ಬೀಸಿದರು. ನಾನು ಕುಲುಕುವುದನ್ನು ನಿಲ್ಲಿಸುವ ಹಾಗಿರಲಿಲ್ಲ. ನಿಲ್ಲಿಸಿದರೆ ರಕ್ತ ಹೆಪ್ಪುಗಟ್ಟುತ್ತದೆ.

ಆಗ ಅವರ ಹೆಂಡತಿ ಮೊಮ್ಮಗಳ ರಟ್ಟೆ ಹಿಡಿದು ನನ್ನ ಮುಂದೆ ತಂದು ನಿಲ್ಲಿಸಿದರು. ಹುಡುಗಿಯ ಗದ್ದ ಒತ್ತಿ ಬಾಯಿ ತೆಗೆಸಿದರು.

"ತಗೀರಿ ಬೇಗ" ಎಂದರು. "ಅವರು ಏಳಾದ್ರೊಳಗೆ."

ಫ್ಲಾಸ್ಕನ್ನು ಡ್ರೈವರನ ಕೈಗೆ ಕೊಟ್ಟು, ಕೈ ತೊಳೆದು, ಕಡ್ಡಿ ತೆಗೆದುಕೊಂಡೆ. ಆ ಹುಡುಗಿಯ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು ಮಗು. ಹೆಂಗಸರು ಸಾಲು ಸಾಲಾಗಿ ಮಕ್ಕಳನ್ನು ತಂದರು. ಅಧ್ಯಕ್ಷರು ಕಣ್ಣು ಬಿಟ್ಟು ಕೂತು ಮಜ್ಜಿಗೆ ಕುಡಿಯುವ ಹೊತ್ತಿಗೆ ನಲ್ಲೂರಿನಲ್ಲಿ ಮುಚ್ಚಿದ ಬಾಯಿ ಉಳಿದಿರಲಿಲ್ಲ. ಅವರು ಸಾಲನ್ನು ನೋಡಿದರು, ಹೆಂಡತಿಯನ್ನು ನೋಡಿದರು. "ಮುಗೀತಾ?" ಎಂದರು. ಅಷ್ಟೇ.

ಮರುದಿನ ತಟ್ಟೆಗಳನ್ನು ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಾಗ ಮೊದಲ ತಟ್ಟೆಯಲ್ಲೇ ಉಂಗುರಗಳಿದ್ದವು. ಒಂದೆರಡಲ್ಲ, ಗೀಚಿದ ಉದ್ದಕ್ಕೂ. ಅದು ಎರಡು ಜಡೆಯ ಹುಡುಗಿಯದು.

ಗಂಟಲಲ್ಲಿ ಬ್ಯಾಕ್ಟೀರಿಯ ಇದ್ದ ಮಾತ್ರಕ್ಕೆ ಹೃದಯಕ್ಕೆ ತೊಂದರೆ ಎಂದಲ್ಲ, ಬಹಳ ಮಕ್ಕಳಿಗೆ ಏನೂ ಆಗುವುದಿಲ್ಲ. ನಾವು ಅಂಥ ಮಕ್ಕಳನ್ನೆಲ್ಲ ಕರೆಸಿ ನೋಡುತ್ತಿದ್ದೆವು. ಅಜ್ಜ ಅಜ್ಜಿ ಇಬ್ಬರೂ ಹುಡುಗಿಯನ್ನು ಹೊನ್ನಾಳಿಗೆ ಕರೆದುಕೊಂಡು ಬಂದರು. ಡಾಕ್ಟರು ಎದೆಗೆ ಸ್ಟೆತೊಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಹುಡುಗಿಯನ್ನು ಎಡಕ್ಕೆ ಮಗ್ಗುಲಾಗಿ ಮಲಗಿಸಿ ಮತ್ತೆ ಕೇಳಿದರು. ಅವರು ಎರಡನೆಯ ಸಲ ಕೇಳಿದಾಗ ನನಗೆ ಗೊತ್ತಾಯಿತು.

"ಇವಳಿಗೆ ಯಾವಾಗಾದರೂ ಮಂಡಿ ಊದಿತ್ತೇ?"

"ಹೋದ ದೀಪಾವಳಿಯಾಗೆ ಊದಿತ್ತು" ಎಂದರು ಅಜ್ಜಿ. "ಜ್ವರನೂ ಬಂದಿತ್ತು. ಬೆಳೆಯೋ ವಯಸ್ಸು, ಅದಕ್ಕೇ ನೋವು ಅಂತ ಎಣ್ಣೆ ತಿಕ್ಕಿದ್ವಿ. ಹೋಯ್ತು."

ಕವಾಟದಲ್ಲಿ ಸಣ್ಣ ಸೋರಿಕೆ ಇದೆ, ಈಗಲೇ ಭಯವಿಲ್ಲ, ಆದರೆ ಗಂಟಲು ನೋವು ಮತ್ತೆ ಮತ್ತೆ ಬಂದರೆ ಹೆಚ್ಚುತ್ತದೆ, ಅದಕ್ಕೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಡಬೇಕು, ವರ್ಷಗಟ್ಟಲೆ ಕೊಡಬೇಕು ಎಂದು ಡಾಕ್ಟರು ಹೇಳಿದರು. ಅಧ್ಯಕ್ಷರು ಗೋಡೆಯ ಕಡೆ ನೋಡುತ್ತಾ ಕೂತಿದ್ದರು. ಆಮೇಲೆ ನನ್ನನ್ನು ಕೇಳಿದರು, "ಅದು ಕಂಡಿದ್ದು ಆ ರಕ್ತದಾಗೇನಾ?"

"ಹೌದು."

"ತೋರ್ಸಿ."

ತಟ್ಟೆ ತಂದೆ. ಅವರು ಕಣ್ಣು ಮುಚ್ಚಿಕೊಂಡು ಹೆಂಡತಿಗೆ "ನೀನ್ ನೋಡು" ಎಂದರು. ಅಜ್ಜಿ ನೋಡಿದರು. "ಇಷ್ಟಿಷ್ಟೇ ಉಂಗುರ" ಎಂದರು. "ಇಷ್ಟಕ್ಕೇ ಇಷ್ಟೆಲ್ಲ ಆಗ್ತೈತಾ?" ಹುಡುಗಿ ಮಾತ್ರ ತಟ್ಟೆಯನ್ನು ತನ್ನ ಕೈಗೆ ಕೊಡಬೇಕೆಂದು ಹಟ ಮಾಡಿದಳು. ತನ್ನದು ಎಂಬ ಹೆಮ್ಮೆ. ಕೊಡಲಿಲ್ಲ.

ಆ ಚುಚ್ಚುಮದ್ದು ಕಲಸಿದ ಸುಣ್ಣದ ಹಾಗೆ ಗಟ್ಟಿ. ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ, ಚುಚ್ಚಿದ ಮೇಲೆ ಎರಡು ದಿನ ಕುಂಟಬೇಕು. ಡಾಕ್ಟರು ಚುಚ್ಚುತ್ತಿದ್ದರು, ನಾನು ಹಿಡಿದುಕೊಳ್ಳುತ್ತಿದ್ದೆ. ಅಧ್ಯಕ್ಷರು ಒಂದು ಸಲವೂ ತಪ್ಪಿಸದೆ ಅವಳನ್ನು ಬಸ್ಸಿನಲ್ಲಿ ಕರೆತರುತ್ತಿದ್ದರು. ಚುಚ್ಚುವಾಗ ಹೊರಗೆ ಹೋಗಿ ನಿಲ್ಲುತ್ತಿದ್ದರು. ಹೊರಗೆ ಶೆಡ್ಡು ಇತ್ತು, ಅದಕ್ಕೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಒಳಗೆ ಬಂದು "ಅದು ಹೆಂಗೈತೆ?" ಎಂದು ಕೇಳುತ್ತಿದ್ದರು. ಕುರಿ ಎಂಬ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ. "ಚೆನ್ನಾಗೈತೆ" ಎಂದರೆ ತಲೆಯಾಡಿಸುತ್ತಿದ್ದರು. ಒಂದು ಬೇಸಿಗೆಯಲ್ಲಿ ಒಂದು ಮೂಟೆ ಹುರುಳಿ ಇಳಿಸಿ, "ಯಾರಿಗಾದ್ರೂ ಆಗ್ತೈತೆ" ಎಂದು ಹೇಳಿ ಹೋದರು.

ಆ ವರ್ಷಗಳಲ್ಲೇ ನನಗೆ ನ್ಯಾಮತಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನು, ಉಪ್ಪಿಟ್ಟನ್ನು ಹೊಗಳಿದ. ಏನು ಕೆಲಸ ಎಂದು ಅವನ ತಾಯಿ ಕೇಳಿದರು. ಅಪ್ಪ "ಸಂಶೋಧನೆ" ಎಂದರು. ಅದು ಸಾಕಾಗಿತ್ತು. ಆದರೆ ಹುಡುಗನೇ ಆಸಕ್ತಿಯಿಂದ "ಏನು ಸಂಶೋಧನೆ?" ಎಂದ. ಅವನಿಗೆ ನಿಜಕ್ಕೂ ತಿಳಿಯುವ ಇಷ್ಟವಿದ್ದ ಹಾಗೆ ಕಂಡಿತು. ಹಾಗಾಗಿ ಮೊದಲಿನಿಂದ ಹೇಳಿದೆ: ಉಣ್ಣೆ, ಸ್ಪಿರಿಟ್ಟು, ಹೆಬ್ಬೆರಳು, ಮಣಿಗಳು. ಅವರು ಕಾಫಿಗೆ ನಿಲ್ಲಲಿಲ್ಲ. ಅಮ್ಮ "ಸೋಮವಾರ ಅನ್ನೋದನ್ನಾದ್ರೂ ಬಿಡಬಹುದಿತ್ತು" ಎಂದರು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಘಟಕಕ್ಕೆ ಬರುತ್ತಿದ್ದ ಹಣ ನಿಂತಿತು. ಡಾಕ್ಟರಿಗೆ ದೂರದ ಊರಿಗೆ ವರ್ಗವಾಯಿತು. ಸೂಕ್ಷ್ಮದರ್ಶಕ, ತಟ್ಟೆಗಳು ಎಲ್ಲ ಲಾರಿ ಹತ್ತಿ ಹೋದವು. ಕುರಿಯನ್ನು ಯಾರೂ ಕೇಳಲಿಲ್ಲ. ಡ್ರೈವರು ಅದನ್ನು ಬಿಳಿಚೋಡಿಗೆ ಕರೆದುಕೊಂಡು ಹೋದ. ಆಮೇಲೊಮ್ಮೆ ಸಿಕ್ಕಾಗ "ಸೋಮವಾರ ಬಂತಂದ್ರೆ ಮಂದೆ ಬಿಟ್ಟು ಬಂದು, ಕುತ್ತಿಗೆ ಚಾಚಿ ನಿಲ್ತೈತೆ ಮೇಡಂ" ಎಂದ. ಕುರಿಗೆ ವಾರ ತಿಳಿಯುವುದಿಲ್ಲ. ಆದರೆ ಆ ಮನುಷ್ಯನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ನನಗೆ ಚನ್ನಗಿರಿಯ ಒಂದು ಸಣ್ಣ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಮಲೇರಿಯ, ಕಫ, ಮೂತ್ರ. ಒಂದೇ ಕೋಣೆ. ನಲ್ಲೂರಿನ ಹುಡುಗಿ ಈಗ ಅಲ್ಲಿಗೇ ಚುಚ್ಚುಮದ್ದಿಗೆ ಬರತೊಡಗಿದಳು. ನರ್ಸು ಚುಚ್ಚಿದ ಮೇಲೆ ಕುಂಟುತ್ತಾ ನನ್ನ ಕೋಣೆಗೆ ಬಂದು ಸೂಕ್ಷ್ಮದರ್ಶಕದಲ್ಲಿ ಇಣುಕಿ, ಏನು ಕಂಡರೂ "ಇದು ಮಲೇರಿಯನಾ?" ಎನ್ನುತ್ತಿದ್ದಳು. ಅವಳು ಎಸ್ಸೆಸ್ಸೆಲ್ಸಿ ಮುಗಿಸಿದಳು, ಪಿಯುಸಿಗೆ ಸೇರಿದಳು.

ಪಿಯುಸಿ ಮುಗಿಯುವ ಹೊತ್ತಿಗೆ ಒಂದು ದಿನ ಇಬ್ಬರು ಅಪರಿಚಿತರು ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಹೊನ್ನಾಳಿ ಕಡೆಯ ದೊಡ್ಡ ಮನೆತನದವರಂತೆ ಕಂಡರು. ಹಿರಿಯವರು ಕೇಳಿದರು, "ನಲ್ಲೂರಿನ ಅಧ್ಯಕ್ಷರ ಮೊಮ್ಮಗಳು ಇಲ್ಲಿ ಇಂಜೆಕ್ಷನ್ ತಗಣಾಕೆ ಬರ್ತಾಳಂತೆ. ಏನ್ ಕಾಯಿಲೆ ಅಂತ ತಿಳ್ಕಂಡ್ ಹೋಗಾಣ ಅಂತ ಬಂದ್ವಿ. ನಮ್ ಹುಡುಗನಿಗೆ ಮಾತಾಡ್ತಾ ಐದೀವಿ."

"ಬಂದವರ ವಿಷಯ ಹೊರಗಿನವರಿಗೆ ಹೇಳೋ ಹಾಗಿಲ್ಲ" ಎಂದೆ.

"ಇಂಜೆಕ್ಷನ್ ತಗಂತಾಳೋ ಇಲ್ವೋ, ಅಷ್ಟ್ ಹೇಳ್ರಿ ಸಾಕು."

"ಅದನ್ನೂ ಹೇಳೋ ಹಾಗಿಲ್ಲ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೈ ಮುಗಿದು ಹೋದರು. ಸಂಬಂಧ ಮುರಿಯಿತು. ನನ್ನದು ಹೇಳಿದ್ದಕ್ಕೆ ಮುರಿದಿತ್ತು, ಇವಳದು ಹೇಳದಿದ್ದಕ್ಕೆ ಮುರಿಯಿತು ಎಂದುಕೊಂಡೆ.

ಅಧ್ಯಕ್ಷರು ಮೊಮ್ಮಗಳನ್ನು ಕರೆದುಕೊಂಡೇ ಬಂದರು. ವಯಸ್ಸಾಗಿತ್ತು, ಆದರೂ ದನಿ ಜೋರಾಗಿತ್ತು. "ಒಂದ್ ಮಾತು, ಬರೀ ಶಕ್ತಿಗೆ ಇಂಜೆಕ್ಷನ್ ಅಂದಿದ್ರೆ ನಿಮ್ದೇನ್ ಹೋಗ್ತಿತ್ತು?"

"ನಾನು ಏನೂ ಹೇಳಲಿಲ್ಲ ಸಾರ್."

"ಅದೇ! ಏನೂ ಹೇಳ್ಲಿಲ್ಲ ಅಂದ್ರೆ ಜನ ಏನಂತ ತಿಳ್ಕಣಬೇಕು? ಕ್ಷಯ ಅಂತ ತಿಳ್ಕಂಡ್ರು! ಕುಷ್ಠ ಅಂತ ತಿಳ್ಕಂಡ್ರು!"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬಣ್ಣ ಹಾಕಿದ ಸ್ಲೈಡನ್ನು ನಲ್ಲಿಯ ಕೆಳಗೆ ಹಿಡಿದುಕೊಂಡು ನಿಂತಿದ್ದೆ. ಹುಡುಗಿ ಸ್ಟೂಲಿನ ಮೇಲೆ ಕೂತು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಿದ್ದಳು. ಕಣ್ಣು ತೆಗೆಯದೆಯೇ ಹೇಳಿದಳು, "ತಾತ, ನಂಗೆ ಹೃದಯದ ಕಾಯಿಲೆ ಐತೆ ಅಂತ ನಾನೇ ಅವ್ರಿಗೆ ಕಾರ್ಡ್ ಬರೆದು ಹಾಕಿದೀನಿ. ಅವ್ರು ಮೇಡಮ್ಮನ ಹತ್ರ ಬರಾದ್ಕಿಂತ ಮೊದ್ಲೇ."

ಅಧ್ಯಕ್ಷರು ಬೆಂಚಿನ ಮೇಲೆ ಕೂತರು. "ನೀನಾ? ಯಾಕೆ?"

"ನಂಗೆ ಟಿಸಿಎಚ್ ಓದ್ಬೇಕು. ಮೇಷ್ಟ್ರಾಗ್ಬೇಕು. ಎಷ್ಟ್ ಸಲ ಹೇಳಿದ್ರೂ ಯಾರೂ ಕೇಳ್ಲಿಲ್ಲ."

ಅವರು ಹೆಗಲ ಟವಲಿನಿಂದ ಮುಖ ಒರೆಸಿಕೊಂಡರು. ಕೊನೆಗೆ ನನ್ನ ಕಡೆ ನೋಡಿ, "ಓದಾಕೆ ಹೃದಯ ತಡಿತೈತಾ?" ಎಂದರು. ಅದು ನಾನು ಹೇಳುವ ಮಾತಲ್ಲ ಎಂದೆ. ಆ ವಾರವೇ ದಾವಣಗೆರೆಗೆ ಕರೆದುಕೊಂಡು ಹೋಗಿ ಹೃದಯದ ಡಾಕ್ಟರಿಗೆ ತೋರಿಸಿದರು. ಸೋರಿಕೆ ಹೆಚ್ಚಾಗಿರಲಿಲ್ಲ. ಮೊದಲಿಗಿಂತ ಕಡಿಮೆಯಾದ ಹಾಗೇ ಕೇಳಿಸುತ್ತದೆ, ಚುಚ್ಚುಮದ್ದು ಮುಂದುವರಿಸಿ, ಓದಲಿ, ಮದುವೆಯೂ ಆಗಲಿ, ಅವಸರವೇನಿಲ್ಲ ಎಂದರಂತೆ. ಆ ಮಾತನ್ನು ನನಗೆ ಹೇಳಲು ಅಧ್ಯಕ್ಷರು ನಲ್ಲೂರಿನಿಂದ ಅದಕ್ಕೆಂದೇ ಬಸ್ಸು ಹತ್ತಿ ಬಂದರು. ಹೇಳಿದರು, ಎದ್ದು ಹೋದರು. ಜಗಳದ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹುಡುಗಿ ಶಿವಮೊಗ್ಗದಲ್ಲಿ ತರಬೇತಿಗೆ ಸೇರಿದಳು. ರಜೆಗೆ ಬಂದಾಗ ನನ್ನ ಕೋಣೆಗೂ ಬರುತ್ತಿದ್ದಳು. ಒಂದು ಸಲ ಹಾಸ್ಟೆಲಿನ ಗೆಳತಿಯನ್ನು ಜೊತೆಗೆ ಕರೆದುಕೊಂಡು ಬಂದಳು. ಜಗಳೂರು ಕಡೆಯ ಹುಡುಗಿ, ಬಡಕಲು, ನಾಚಿಕೆ ಸ್ವಭಾವ. ಎಡಗಾಲು ಎಳೆಯುತ್ತಿದ್ದಳು.

"ಇವಳಿಗೆ ಹೋದ ತಿಂಗಳು ಗಂಟಲು ನೋವು ಬಂದಿತ್ತು ಮೇಡಂ. ಈಗ ಮಂಡಿ ನೋವು ಅಂತಾಳೆ. ಚಳಿಗೆ ಹಿಂಗಾಗ್ತೈತೆ ಅಂತ ವಾರ್ಡನ್ ಅಂದ್ರು. ನಂಗೆ ಹಂಗನ್ನಿಸ್ಲಿಲ್ಲ."

ನಮ್ಮಲ್ಲಿ ಬ್ಯಾಕ್ಟೀರಿಯ ಬೆಳೆಸುವ ಸೌಲಭ್ಯವಿರಲಿಲ್ಲ. ಒಂದು ಸಣ್ಣ ಪರೀಕ್ಷೆ ಮಾತ್ರ ಮಾಡಬಹುದಿತ್ತು. ರಕ್ತವನ್ನು ಉದ್ದನೆಯ ಗಾಜಿನ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ಎಷ್ಟು ಕೆಳಗೆ ಇಳಿಯುತ್ತದೆ ಎಂದು ನೋಡುವುದು. ಹೆಚ್ಚು ಇಳಿದರೆ ಒಳಗೆ ಎಲ್ಲೋ ಉರಿಯೂತ ಇದೆ ಎಂದು ಅರ್ಥ. ಬಂದ ಹುಡುಗಿಯ ತೋಳಿನಿಂದ ರಕ್ತ ತೆಗೆದೆ. ನಲ್ಲೂರಿನವಳು ಅವಳ ಇನ್ನೊಂದು ಕೈ ಹಿಡಿದುಕೊಂಡು, ಆ ಕಡೆ ನೋಡಬೇಡ, ಕ್ಯಾಲೆಂಡರ್ ನೋಡು ಎಂದು ಹೇಳುತ್ತಿದ್ದಳು.

ಕೊಳವೆ ನಿಲ್ಲಿಸಿ ಇಬ್ಬರನ್ನೂ ಹೊರಗೆ ಬೇವಿನ ಮರದ ಕೆಳಗೆ ಕೂರಿಸಿದೆ. ಮಂಡಕ್ಕಿ ಕಟ್ಟಿಸಿಕೊಂಡು ಬಂದು ತಿನ್ನುತ್ತಿದ್ದರು. ಏನೋ ಹೇಳಿಕೊಂಡು ನಗುತ್ತಿದ್ದದ್ದು ಕಿಟಕಿಯಿಂದ ಕೇಳುತ್ತಿತ್ತು. ಹೊತ್ತಾದ ಮೇಲೆ ನೋಡಿದೆ. ಕೆಂಪು ಬಹಳ ಕೆಳಗೆ ಇಳಿದಿತ್ತು.

ಹೊರಗೆ ಬಂದು, ಮಂಡಕ್ಕಿ ಮುಗಿಸಿಕೊಂಡು ಬನ್ನಿ ಎಂದು ಹೇಳಿ, ಆಸ್ಪತ್ರೆಯ ಡಾಕ್ಟರ ಕೋಣೆಯ ಮುಂದಿನ ಸಾಲಿನಲ್ಲಿ ಅವರಿಗಾಗಿ ಜಾಗ ಹಿಡಿದು ನಿಂತೆ.